ಹಾಲೆ ಮರಕ್ಕೆ ಹೇಳಿದ ಹೆಸರು

"ಆ ಮರದ ಹತ್ರ ನಿಂತು ನಿನ್ನ ಹೆಸರು ಹೇಳ್ಬೇಡ ಮಗಳೇ. ಯಾರು ಕೇಳಿದ್ರೂ ಹೇಳ್ಬೇಡ. ಮರವೇ ಕೇಳಿದ್ರೂ ಹೇಳ್ಬೇಡ."

ಬುಗ್ಗೆಯ ಕಲ್ಲಿಗೆ ಬಟ್ಟೆ ಒಗೆಯುತ್ತಿದ್ದ ಲಾಸ್ಮಿ ಕೈ ನಿಲ್ಲಿಸಿ ಮುದುಕಿಯ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ಮರ ಕೇಳುತ್ತಾ ಅಜ್ಜಿ? ಯಾವ ಭಾಷೇಲಿ? ನಿಮ್ಮೂರಿನ ಮನುಷ್ಯರ ಮಾತೇ ನನಗಿನ್ನೂ ಅರ್ಧ ತಿಳಿಯಲ್ಲ."

"ನಗು, ನಗು. ನನ್ನ ಮೆಲಾಂತೀನೂ ಹೀಗೇ ನಗ್ತಿದ್ಲು."

ಸುಕ್ಲಿ ಅಜ್ಜಿ ಅಷ್ಟು ಹೇಳಿ ತನ್ನ ಬಿಂದಿಗೆ ತುಂಬಿಸಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದಳು. ಉಳಿದ ಹೆಂಗಸರು ಯಾರೂ ತಲೆ ಎತ್ತಲಿಲ್ಲ. ಮೆಲಾಂತಿ ಯಾರೆಂದು ಲಾಸ್ಮಿಗೆ ಗೊತ್ತಿತ್ತು. ತನ್ನ ಗಂಡ ಪುತು ಸುದಿರ್ತನ ಮೊದಲ ಹೆಂಡತಿ. ಜ್ವರ ಬಂದು ಸತ್ತವಳು. ಮಗಳನ್ನು ಕಳೆದುಕೊಂಡ ಮುದುಕಿ, ಆ ಜಾಗಕ್ಕೆ ಬಂದ ಹೊಸ ಹುಡುಗಿಯನ್ನು ಹೆದರಿಸುವುದು ಸಹಜವೇ ಅಂದುಕೊಂಡು ಲಾಸ್ಮಿ ಬಟ್ಟೆ ಹಿಂಡಿದಳು.

ಬಾಲಿಯ ಆ ಬೆಟ್ಟದೂರಿನಲ್ಲಿ ಪುಲೆ ಮರವಿಲ್ಲದ ಹಿತ್ತಿಲಿಲ್ಲ. ಪುಲೆ ಅಂದರೆ ನಮ್ಮ ಹಾಲೆ ಮರ, ಏಳೆಲೆಯದು. ಜ್ವರಕ್ಕೆ ಅದರ ತೊಗಟೆಯ ಕಷಾಯ, ಹುಣ್ಣಿಗೂ ಹುಳುಕು ಹಲ್ಲಿಗೂ ಅದರ ಹಾಲು, ಹೆತ್ತವಳಿಗೆ ಎದೆಹಾಲು ಇಳಿಯಲೆಂದು ಎಲೆಯ ರಸ, ಭೇದಿಗೆ ಮತ್ತೆ ತೊಗಟೆ. ಎಲ್ಲರ ಮನೆಯ ಕಷಾಯವೂ ಒಮ್ಮೆ ಫಲಿಸುತ್ತಿತ್ತು, ಒಮ್ಮೆ ಇಲ್ಲ. ಆದರೆ ರೆಂಪಿನಿಯ ಹಿತ್ತಿಲಿನ ಮರದ ಮದ್ದು ಎಂದೂ ಸುಳ್ಳಾದದ್ದಿಲ್ಲ. ಅದಕ್ಕೇ ದೂರದ ಕಣಿವೆಗಳಿಂದಲೂ ಜನ ರೋಗಿಗಳನ್ನು ಹೊತ್ತು ತರುತ್ತಿದ್ದರು.

ರೆಂಪಿನಿ ಲಾಸ್ಮಿಯ ಅತ್ತೆ. ಊರೆಲ್ಲ ಅವಳನ್ನು ಮೇಮೆ, ಅಂದರೆ ಅಮ್ಮ, ಎಂದು ಕರೆಯುತ್ತಿತ್ತು. ಲಾಸ್ಮಿಯೂ ಹಾಗೇ ಕರೆದಳು, ಮತ್ತು ಬಾಯಿ ತುಂಬ ಕರೆದಳು. ಅವಳಿಗೆ ತಾಯಿಯ ಮುಖದ ನೆನಪಿರಲಿಲ್ಲ. ಸುರಬಾಯದ ಗಲ್ಲಿಗಳಲ್ಲಿ ಬೆನ್ನಿಗೆ ಬಾಟಲಿಗಳ ಬುಟ್ಟಿ ಕಟ್ಟಿಕೊಂಡು ಬೇರುನಾರಿನ ಕಷಾಯ, ಜಾಮು, ಮಾರುತ್ತಿದ್ದ ಅಜ್ಜಿ ಅವಳನ್ನು ಸಾಕಿದ್ದಳು. ಅಜ್ಜಿಗೆ ತೊಗಟೆಯ ಮೇಲೆ ನಂಬಿಕೆಯಿತ್ತು, ದೆವ್ವದ ಮೇಲಿರಲಿಲ್ಲ. "ಕಹಿ ಇದ್ರೆ ಕೆಲಸ ಮಾಡುತ್ತೆ, ಅಷ್ಟೇ ಮಂತ್ರ," ಅನ್ನುತ್ತಿದ್ದಳು. ಲಾಸ್ಮಿ ಕಲಿತದ್ದೂ ಅಷ್ಟೇ. ಕಿತ್ತಳೆ ತುಂಬಿದ ಲಾರಿ ಹೊಡೆದುಕೊಂಡು ಹಡಗಿನಲ್ಲಿ ಸಮುದ್ರ ದಾಟಿ ಸುರಬಾಯಕ್ಕೆ ಬರುತ್ತಿದ್ದ ಸುದಿರ್ತ ಕೆಮ್ಮಿಗೆ ಜಾಮು ಕುಡಿಯಲು ನಿಂತವನು, ಕೆಮ್ಮು ಹೋದ ಮೇಲೂ ನಿಲ್ಲುತ್ತಲೇ ಇದ್ದ. ಅಜ್ಜಿ ತೀರಿಕೊಂಡ ವರ್ಷ ಅವನು ಅವಳನ್ನು ಇಲ್ಲಿಗೆ ಕರೆತಂದ.

ಇಲ್ಲಿ ಬಂದ ಮೇಲೆ ಅವಳಿಗೆ ಗಂಡನಿಗಿಂತ ಅತ್ತೆಯೇ ಹೆಚ್ಚು ಸಿಕ್ಕಿದ್ದು. ಅವನು ಲಾರಿಯ ಜೊತೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸಂಜೆ ಕೋಳಿಗಳ ಮೇಲೆ ಬುಟ್ಟಿ ಕವುಚಿ, ದೇವರಗುಡಿಗಳಿಗೆ ಹೂವಿಟ್ಟು, ರೆಂಪಿನಿ ಜಗಲಿಯ ಮೇಲೆ ಕೂತು ಸೊಸೆಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತೆಂಗಿನೆಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಸಿಕ್ಕು ಬಿಡಿಸುವಾಗ ಒಂದಿಷ್ಟೂ ನೋವಾಗದ ಹಾಗೆ ಬುಡವನ್ನು ಬೆರಳಲ್ಲಿ ಹಿಡಿದು ಬಾಚುತ್ತಿದ್ದಳು. ಲಾಸ್ಮಿಗೆ ಎಷ್ಟೋ ಸಲ ಆ ಹೊತ್ತಿನಲ್ಲಿ ಸುಮ್ಮನೆ ಕಣ್ಣು ತುಂಬುತ್ತಿತ್ತು.

ಸುಕ್ಲಿ ಎಚ್ಚರಿಸಿದ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ರೆಂಪಿನಿ ದೇವಸ್ಥಾನದಲ್ಲಿ ಪೂಜೆಗೆ ಎಲೆ ಹೆಣೆಯಲು ಹೋಗಿದ್ದಳು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಒಂದು ಚೂರು ತೊಗಟೆ ಕುದಿಸಿಕೊಳ್ಳೋಣವೆಂದು ಲಾಸ್ಮಿ ಹಿತ್ತಿಲಿಗೆ ಹೋದಳು.

ಮರ ಹೂ ಬಿಟ್ಟಿತ್ತು. ದೂರದಿಂದ ಸಿಹಿಯೆನಿಸಿದ ಆ ಘಮಲು ಬುಡದಲ್ಲಿ ಸಹಿಸಲಾಗದಷ್ಟು ದಟ್ಟವಾಗಿತ್ತು. ನಾಲ್ವರು ತಬ್ಬಿದರೂ ಸಾಲದ ಬೊಡ್ಡೆ. ನಡುವಿಗೆ ಕಪ್ಪು-ಬಿಳಿ ಚೌಕಳಿ ಬಟ್ಟೆ ಸುತ್ತಿತ್ತು. ಮೈತುಂಬ ತೊಗಟೆ ತೆಗೆದು ಮತ್ತೆ ಮಾದ ಗಾಯಗಳು, ತುಟಿ ಬಿಗಿದ ಬಾಯಿಗಳ ಹಾಗೆ. ಪ್ರತಿ ಸಲ ರೆಂಪಿನಿ ತೊಗಟೆ ಕೆತ್ತುವ ಮುನ್ನ ಬಾಗಿ ರೋಗಿಯ ಹೆಸರನ್ನು ಮರಕ್ಕೆ ಪಿಸುಗುಟ್ಟುತ್ತಿದ್ದುದು ಲಾಸ್ಮಿಗೆ ನೆನಪಾಯಿತು. ಬುಗ್ಗೆಯ ಬಳಿಯ ಮುದುಕಿಯೂ ನೆನಪಾದಳು. ನಗು ಬಂತು.

ಅಂಗೈಯಿಂದ ಬೊಡ್ಡೆಯನ್ನು ಪಟ್ಟೆಂದು ತಟ್ಟಿದಳು. "ಕೇಳಿಸ್ತಾ ತಾತ? ನಾನು ಲಾಸ್ಮಿ! ಸುರಬಾಯದ ಲಾಸ್ಮಿ! ಬೇಕಾದ್ರೆ ಬರೆದಿಟ್ಕೋ!"

ಮರದ ಮೇಲಿದ್ದ ಹಕ್ಕಿಗಳು ಒಟ್ಟಿಗೆ ಸುಮ್ಮನಾದವು. ಅಂಗೈ ಜಿಗುಟಾಗಿತ್ತು. ಕತ್ತಿ ತಾಗದ ಜಾಗದಿಂದ ಬೆಳ್ಳನೆಯ ಹಾಲು ಇಳಿಯುತ್ತಿತ್ತು. ಬೆಚ್ಚಗಿತ್ತು. ಅವಳು ಕೈಯನ್ನು ಲುಂಗಿಗೆ ಒರೆಸಿಕೊಂಡಳು.

ಮಾರನೆಯ ದಿನ ಕಲ್ಲುಗಣಿಯ ಒಬ್ಬ ಗಟ್ಟಿ ಆಳನ್ನು ಚಾಪೆಯಲ್ಲಿ ಹೊತ್ತು ತಂದರು. ಹಲ್ಲು ಕಟಕಟಿಸುವ ಚಳಿಜ್ವರ. ಕಷಾಯ ಕುಡಿದು ಬಿಸಿಲು ಬಾಗುವಷ್ಟರಲ್ಲಿ ಅವನು ಎದ್ದು ಕೂತು ಅನ್ನ ಕೇಳಿದ. ಅನ್ನ ಬಡಿಸುತ್ತಿದ್ದ ಲಾಸ್ಮಿಯ ಕೈಯಿಂದ ಸೌಟು ಜಾರಿತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಅವಳ ನಡುಕ ನಿಲ್ಲಲಿಲ್ಲ.

"ಬೆಟ್ಟದ ಹವೆ ಒಗ್ಗಬೇಕಲ್ಲ ಕಂದಾ," ಎಂದು ರೆಂಪಿನಿ ರಾತ್ರಿಯಿಡೀ ಅವಳ ಅಂಗಾಲು ತಿಕ್ಕಿದಳು.

ಜ್ವರ ಬಿಟ್ಟಿತು. ಆಮೇಲೆ ಕಾಫಿ ತೋಟದ ಹೆಂಗಸೊಬ್ಬಳು ಬಂದಳು. ಹುಳುಕು ಹಲ್ಲಿಗೆ ಹತ್ತಿಯಲ್ಲಿ ಹಾಲೆಯ ಹಾಲು ಇಟ್ಟರು, ನಗುತ್ತ ಹೋದಳು. ಲಾಸ್ಮಿಯ ದವಡೆ ಊದಿ ಬಾಯಿ ತೆರೆಯದಾಯಿತು. ಇನ್ಯಾರದೋ ಭೇದಿ ನಿಂತಿತು. ಲಾಸ್ಮಿ ಹಿತ್ತಿಲಿಗೂ ಮನೆಗೂ ತೆವಳುವಂತಾಯಿತು. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತಿತ್ತು. ಸೊಂಟದ ಮೇಲೆ ಬಟ್ಟೆ ನಿಲ್ಲದಷ್ಟು ಬಡವಾದಳು. ಆದರೂ ಅವಳು ನೀರನ್ನು ಬೈದಳು, ಹವೆಯನ್ನು ಬೈದಳು, ಮರವನ್ನು ಮಾತ್ರ ಬೈಯಲಿಲ್ಲ. ಬೈದರೆ ನಂಬಿದ ಹಾಗಾಗುತ್ತಿತ್ತು.

ನಂಬಿಸಿದ್ದು ಒಬ್ಬ ಬಸ್ ಕಂಡಕ್ಟರ್‌ನ ಕುರು. ಅವನು ಅಂಗಿ ಬಿಚ್ಚಿ ಜಗಲಿಯ ಮೇಲೆ ಬೋರಲು ಮಲಗಿದ್ದ. ಎಡಭುಜದ ಕೆಳಗೆ ಮುಷ್ಟಿಗಾತ್ರದ ಕುರು. ರೆಂಪಿನಿ ಹಿತ್ತಿಲಿಂದ ತೆಂಗಿನ ಚಿಪ್ಪಿನಲ್ಲಿ ಹಾಲು ತಂದು ಗರಿಯಿಂದ ಅದ್ದಿ ಸವರಿದಳು. ಮೊದಲ ಸವರಿಗೆ ಅವನು "ಆಹಾ, ತಂಪು!" ಅಂದ.

ಬಾಗಿಲ ಬಳಿ ನಿಂತಿದ್ದ ಲಾಸ್ಮಿಯ ಎಡಭುಜದ ಕೆಳಗೆ ಕೆಂಡ ಇಟ್ಟಂತಾಯಿತು.

ಎರಡನೆಯ ಸವರು. ಅವನ ಕುರು ಕುಗ್ಗಿತು. ಇವಳ ರವಿಕೆಯೊಳಗೆ ಏನೋ ಉಬ್ಬಿತು. ಅವಳು ಚೀರಲಿಲ್ಲ. ಚೀರುವ ಮುಂಚೆ ಅತ್ತೆಯ ಕಣ್ಣು ಕಂಡಿತು. ರೆಂಪಿನಿ ರೋಗಿಯನ್ನು ನೋಡುತ್ತಿರಲಿಲ್ಲ. ಸವರುತ್ತಲೇ ಕತ್ತೆತ್ತಿ ಸೊಸೆಯ ಭುಜವನ್ನು ನೋಡುತ್ತಿದ್ದಳು. ಒಲೆಯ ಮೇಲಿಟ್ಟ ಪಾತ್ರೆ ಕುದಿಯಿತೇ ಎಂದು ನೋಡುವ ಹಾಗೆ.

ಮಾರನೆಯ ಬೆಳಿಗ್ಗೆ ರೆಂಪಿನಿ ಸಂತೆಗೆ ಹೋದ ಕೂಡಲೇ ಲಾಸ್ಮಿ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ನಡೆದಳು. ನಿಂತು ನಿಂತು ನಡೆದಳು. ಮರದ ಚೌಕಳಿ ಬಟ್ಟೆಯನ್ನು ಎಳೆದು ಕೆಳಗೆ ಜಾರಿಸಿದಳು. ಅದರಡಿ ತೊಗಟೆಯ ಒಂದು ಚಪ್ಪಡಿ, ಬಾಗಿಲಿನಂತೆ ಕೊಯ್ದು ಮತ್ತೆ ಮುಚ್ಚಿದ್ದು. ಉಗುರು ತೂರಿಸಿ ಎತ್ತಿದಳು. ಹಸಿ ವಾಸನೆ. ಕೊಳೆತ ಹೂವಿನ ವಾಸನೆ. ಒಳಗೆ ಗೂಡಿನಂತೆ ಸುತ್ತಿಟ್ಟ ಕೂದಲು, ತುದಿ ಕೆಂಚಗೆ.

ಮದುವೆಗೆ ಮುಂಚೆ ಸುರಬಾಯದಲ್ಲಿ ಅವಳೇ ಹಾಕಿಸಿಕೊಂಡಿದ್ದ ಬಣ್ಣ. ಎಣ್ಣೆಯಿನ್ನೂ ಆರಿರಲಿಲ್ಲ.

ಅದರ ಕೆಳಗೆ, ಮರದ ತಿರುಳಿನೊಳಗೆ ಅರ್ಧ ಹೂತುಹೋದ ಇನ್ನೊಂದು ಸುರುಳಿ. ಕಪ್ಪಗೆ, ನೀಳವಾಗಿ. ಮೆಲಾಂತಿಯದು.

ಎಲ್ಲ ಸಂಜೆಗಳೂ ಒಟ್ಟಿಗೆ ನೆನಪಾದವು. ಆ ಬಾಚಣಿಗೆ. ಬುಡವನ್ನು ಹಿಡಿದುಕೊಳ್ಳುತ್ತಿದ್ದ ಆ ಬೆರಳುಗಳು. ಬಾಚಣಿಗೆಗೆ ಸಿಕ್ಕ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ಮೇಮೆ. 'ಚೆಲ್ಲಬಾರದು ಕಂದಾ, ಹೆಂಗಸಿನ ಕೂದಲು,' ಅನ್ನುತ್ತಿದ್ದ ಮೇಮೆ. ಲಾಸ್ಮಿಗೆ ಆಗ ಕುರುವಿನ ನೋವು ಮರೆತೇಹೋಯಿತು.

ಸುಕ್ಲಿಯ ಮನೆ ಕೆಳಗಿನ ಓಣಿಯಲ್ಲಿತ್ತು. ಮುದುಕಿ ಅಂಗಳದಲ್ಲಿ ಕೂತು ತೆಂಗಿನ ಎಳೆಗರಿ ಸೀಳುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ತ್ರಿಸ್ನಾ ಬಾತುಕೋಳಿಯ ಹಿಂದೆ ಓಡುತ್ತಿದ್ದಳು. ಮೆಲಾಂತಿಯ ಮಗಳು, ಸುದಿರ್ತನ ಮಗಳು. ಅಪ್ಪನ ಮನೆಯಲ್ಲಿ ಬೆಳೆಯಬೇಕಾದ ಮಗುವನ್ನು ಅಲ್ಲೇಕೆ ಬಿಟ್ಟಿದ್ದೀರಿ ಎಂದು ಲಾಸ್ಮಿ ಹಿಂದೊಮ್ಮೆ ಅತ್ತೆಯನ್ನು ಕೇಳಿದ್ದಳು. ಹೂವಿನ ವಾಸನೆಗೆ ಅವಳಿಗೆ ಉಬ್ಬಸ ಬರುತ್ತೆ ಅಂದಿದ್ದಳು ರೆಂಪಿನಿ. ಲಾಸ್ಮಿ ಮದುವೆಯಾಗಿ ಬಂದಾಗ ಆ ಮಗು ಕಡ್ಡಿಯಂತಿತ್ತು. ಈಗ ಕೆನ್ನೆ ಉಬ್ಬಿತ್ತು.

ಲಾಸ್ಮಿ ಮರದಿಂದ ಕಿತ್ತು ತಂದ ತನ್ನ ಕೂದಲಿನ ಸುರುಳಿಯನ್ನು ಗರಿಗಳ ಮೇಲೆ ಹಾಕಿದಳು. ಸುಕ್ಲಿ ಮೊಮ್ಮಗಳಿಗೆ, "ಹೋಗು, ಬಾತು ಗದ್ದೆಗೆ ಇಳೀತು ನೋಡು," ಅಂದಳು. ಮಗು ಓಡಿದ ಮೇಲೆ ಬಾಯಿ ಬಿಟ್ಟಳು.

"ಕೂತ್ಕೋ. ಬಿದ್ದುಹೋಗ್ತೀಯ."

"ನೀವು ನನಗೆ ಎಚ್ಚರಿಕೆ ಹೇಳಿದ್ರಿ. ಹೇಳಬೇಡ ಅಂದ್ರಿ. ನಿಮಗೆ ಎಲ್ಲ ಗೊತ್ತಿತ್ತು. ಪೂರ್ತಿ ಯಾಕೆ ಹೇಳಲಿಲ್ಲ?"

ಸುಕ್ಲಿ ಕತ್ತಿಯನ್ನು ಗರಿಯ ಮೇಲೆ ಎಳೆದಳು. "ಹೇಳಬೇಡ ಅಂದಿದ್ದಕ್ಕೇ ಅಲ್ವಾ ನೀನು ಹೇಳಿದ್ದು?"

ಲಾಸ್ಮಿಗೆ ಮೊದಲು ಅರ್ಥವಾಗಲಿಲ್ಲ.

"ನಿನ್ನ ಕೂದಲು ಅದರಲ್ಲಿ ಬಿದ್ದು ಎಷ್ಟೋ ಕಾಲ ಆಯ್ತು. ಆದ್ರೆ ಹೆಸರು ನಿನ್ನ ಬಾಯಿಂದಲೇ ಬೀಳಬೇಕು, ಮರದ ಮೈ ಮುಟ್ಟಿಕೊಂಡು. ಇಲ್ದಿದ್ರೆ ಅದು ಒಪ್ಪಲ್ಲ. ನೀನು ಯಾವುದನ್ನೂ ನಂಬೋಳಲ್ಲ. ಬಾ, ಹೇಳು ಅಂದ್ರೆ ಯಾಕೆ ಅಂತ ಕೇಳ್ತಿದ್ದೆ. ಬೇಡ ಅಂದ್ರೆ ಹೇಳೇ ಹೇಳ್ತಾಳೆ ಅಂತ ರೆಂಪಿನಿ ಅಂದ್ಲು. ನಾನು ಬುಗ್ಗೆ ಹತ್ರ ಬಂದೆ."

"ನಿಮ್ಮ ಮಗಳನ್ನ ಕೊಂದವಳ ಮಾತು ಕೇಳಿ?"

"ಮಗಳು ಹೋದ್ಲು. ಮರ ಸುಮ್ನಿರಲಿಲ್ಲ. ರೋಗಾನ ಅದು ಅರಗಿಸ್ಕೊಳ್ಳಲ್ಲ, ದಾಟಿಸುತ್ತೆ. ಹೊಸ ಹೆಸರು ಸಿಗೋ ತನಕ ಹಳೇ ಹೆಸರಿನ ರಕ್ತ ಹುಡುಕುತ್ತೆ. ಈ ಮಗು ವಾರಕ್ಕೊಂದು ಸಲ ಸಾಯೋಕೆ ಬೀಳ್ತಿತ್ತು." ಮುದುಕಿಯ ಕೈ ನಿಂತಿತು. "ನಿನಗೂ ಒಂದು ಮೊಮ್ಮಗಳಿದ್ದಿದ್ರೆ ನೀನು ಏನು ಮಾಡ್ತಿದ್ದೆ ಅಂತ ನಾನು ಕೇಳಲ್ಲ. ನನ್ನನ್ನ ಉಗಿ. ಉಗಿದುಬಿಡು."

ಲಾಸ್ಮಿ ಉಗಿಯಲಿಲ್ಲ. "ಈ ಮಾಟ ಮಾಡಿದ್ದು ಯಾಕೆ ಅವಳು?"

"ಸುದಿರ್ತ ಚಿಕ್ಕೋನಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ. ಬರೀ ತೊಗಟೆ ಸಾಲಲಿಲ್ಲ. ಆಗ ಕಲಿತ್ಕೊಂಡು ಬಂದ್ಲು. ಅವನು ಬದುಕಿದ. ಹೆಸರು ಕೊಟ್ಟ ಅವನ ಅಪ್ಪ ಹೋದ."

"ಸುದಿರ್ತನಿಗೆ... ಅವರಿಗೆ ಗೊತ್ತಾ ಇದು?"

ಮುದುಕಿ ಇನ್ನೊಂದು ಗರಿ ಎತ್ತಿಕೊಂಡಳು. "ನಿನ್ನನ್ನ ಸಮುದ್ರ ದಾಟಿಸಿ ಇಲ್ಲಿಗೆ ಕರ್ಕೊಂಡು ಬಂದೋರು ಯಾರು ಮಗಳೇ?"

ಅಷ್ಟೇ ಅಂದಳು. ಲಾಸ್ಮಿಯ ಎದೆಯೊಳಗೆ ಉಳಿದಿದ್ದ ಒಂದೇ ಒಂದು ಕಂಬ ಆ ಮಾತಿಗೆ ಬಿತ್ತು. ಹೌದು, ಯಾರೂ ಇಲ್ಲದವಳನ್ನು ಹುಡುಕಿದ್ದ. ಸತ್ತರೆ ಕೇಳಲು ಬರುವವರಿಲ್ಲದವಳನ್ನು ಹುಡುಕಿದ್ದ. 'ಮೇಮೆಯ ಮಾತು ಮೀರಬೇಡ,' ಎಂದು ಪ್ರತಿ ಸಲ ಲಾರಿ ಹತ್ತುವಾಗ ಹೇಳಿಯೇ ಹತ್ತುತ್ತಿದ್ದ.

"ಬಿಡಿಸ್ಕೊಳ್ಳೋಕೆ ದಾರಿ?" ಎಂದಳು.

"ನಿನ್ನ ಕೂದಲು ಕಿತ್ಕೊಂಡ್ರೆ ಸಾಲ್ದು, ಹೆಸರು ಅಲ್ಲೇ ಉಳ್ಕೊಂಡಿರುತ್ತೆ. ಇನ್ನೊಬ್ಬರ ಕೂದಲು ಬೇಕು. ಅವರ ಬಾಯಿಂದ ಅವರ ಹೆಸರು." ಸುಕ್ಲಿ ಗದ್ದೆಯ ಕಡೆ ನೋಡಿದಳು, ಅಲ್ಲಿ ಮಗು ಬಾತುಕೋಳಿಯನ್ನು ಅಪ್ಪಿ ಹಿಡಿದಿತ್ತು. "ಇವಳೊಬ್ಬಳನ್ನ ಬಿಟ್ಟು ಯಾರನ್ನ ಬೇಕಾದ್ರೂ ಕೊಡು."

ಎರಡು ದಿನದಲ್ಲಿ ಸುದಿರ್ತ ಬಂದ. ಲಾರಿಯ ಸದ್ದು ಓಣಿಯ ತುದಿಯಲ್ಲಿ ನಿಂತಾಗ ಲಾಸ್ಮಿ ಚಾಪೆಯಿಂದ ಏಳಲಾರದೆ ಮಲಗಿದ್ದಳು. ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಅಯ್ಯೋ, ಏನಾಗಿದೆ ನಿನಗೆ? ನನಗೆ ಯಾಕೆ ಹೇಳಿ ಕಳಿಸಲಿಲ್ಲ?" ಮೊಣಕಾಲೂರಿ ಅವಳ ಕೆನ್ನೆ ಮುಟ್ಟಿದ. "ನಾಳೇನೇ ಪೇಟೆ ಆಸ್ಪತ್ರೆಗೆ ಹೋಗೋಣ. ಮೇಮೆ ಬೇಡ ಅಂದ್ರೂ ಸರಿ. ನೋಡು, ಏನು ತಂದಿದ್ದೀನಿ."

ಚೀಲದಿಂದ ಒಂದು ಶೀಶೆ ತೆಗೆದ. ಸುರಬಾಯದ ಕಪ್ಪು ಸೀಗಡಿ ಗೊಜ್ಜು. ಹಣ್ಣಿನ ಹೋಳುಗಳಿಗೆ ಹಚ್ಚಿಕೊಂಡು ತಿನ್ನಲು ಅವಳು ಪ್ರಾಣ ಬಿಡುತ್ತಿದ್ದಳು. ಅವಳು ಶೀಶೆಯನ್ನು ನೋಡಿದಳು. ಎಷ್ಟು ಚೆನ್ನಾಗಿ ನಟಿಸುತ್ತಾನೆ ಅನಿಸಿತು. ತಾಯಿಯ ಹಾಗೆಯೇ.

ದಾರಿಯ ಆಯಾಸಕ್ಕೆ ಅವನು ಅವಳ ಪಕ್ಕದಲ್ಲೇ ಉರುಳಿ ನಿದ್ದೆಹೋದ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಅವನ ಕತ್ತಿನ ಮೇಲೆ ಬಿದ್ದಿತ್ತು. ಎಲೆ ಕತ್ತರಿಸುವ ಸಣ್ಣ ಕತ್ತಿಯಿಂದ ಅವಳು ಅವನ ಕತ್ತಿನ ಹಿಂದಿನ ಕೂದಲನ್ನು ಕೊಯ್ದುಕೊಂಡಳು. ಅವನು ನಿದ್ದೆಯಲ್ಲೇ ಅವಳ ಕೈಯನ್ನು ಹಿಡಿದು ಮತ್ತೆ ಬಿಟ್ಟ.

ಸಂಜೆ ಅವಳೇ ಕರೆದಳು. "ಬ್ಲಿ, ಸ್ವಲ್ಪ ಹಿತ್ತಿಲಿಗೆ ಬಾ." ಗಂಡನನ್ನು ಅಣ್ಣ ಎಂದ ಹಾಗೆ ಕರೆಯುವ ಆ ಊರಿನ ಮಾತನ್ನು ಅವಳು ಮೊದಲ ದಿನದಿಂದಲೂ ಇಷ್ಟಪಟ್ಟು ಆಡುತ್ತಿದ್ದಳು. ಅವನು ಅವಳನ್ನು ತೋಳಿನಲ್ಲಿ ಆತುಕೊಂಡು ನಡೆಸಿದ. ಹೊತ್ತು ಮುಳುಗುತ್ತಿತ್ತು. ಓಣಿಯಲ್ಲಿ ನಾಯಿಗಳು ಊಳಿಡತೊಡಗಿದ್ದವು. ಹೂವಿನ ವಾಸನೆ ಗಂಟಲಿನ ತನಕ ಇಳಿಯಿತು. ತೊಗಟೆಯ ಬಾಗಿಲಿನೊಳಗೆ ಆಗಲೇ ಅವನ ಕೂದಲಿತ್ತು. ಅವಳ ಕೂದಲಿನ ಸುರುಳಿ ಅವಳ ಸೊಂಟದ ಗಂಟಿನಲ್ಲಿತ್ತು.

"ಮರದ ಮೇಲೆ ಕೈಯಿಡು. ನಿನ್ನ ತಾಯಿ ನನಗೆ ಮಾಡಿದ್ದು ನಿನಗೆ ಗೊತ್ತಿರಲಿಲ್ಲ ಅಂತ ಆಣೆ ಮಾಡು."

"ಏನು ಮಾಡಿದ್ರು ಮೇಮೆ? ಜ್ವರ ತಲೆಗೇರಿದೆ ನಿನಗೆ."

"ಆಣೆ ಮಾಡು. ಹೆಸರು ಹಿಡಿದು ಆಣೆ ಮಾಡು."

ಸುಳ್ಳು ಆಣೆ ಮಾಡಲಿ, ಅಂದುಕೊಂಡಳು. ಮಾಡಲಿ. ಸುಳ್ಳು ಹೇಳುವ ಬಾಯಿಂದಲೇ ಹೆಸರು ಬೀಳಲಿ.

ಸುದಿರ್ತ ಅವಳ ಮುಖವನ್ನೇ ನೋಡಿದ. ಅವನಿಗೆ ಏನೂ ತಿಳಿಯಲಿಲ್ಲ. ಆದರೆ ಹೆಂಡತಿ ಅಳುತ್ತಿದ್ದಳು. ಅವನು ಅಂಗೈಯನ್ನು ಅಗಲಿಸಿ ಮರದ ಮೇಲಿಟ್ಟ. ಒಂದು ಕ್ಷಣವೂ ಅನುಮಾನಿಸಲಿಲ್ಲ.

"ನಾನು, ಪುತು..."

ಆಗ ಅವಳಿಗೆ ಹೊಳೆಯಿತು.

ಗೊತ್ತಿದ್ದವನು ಹೇಳುತ್ತಿರಲಿಲ್ಲ. ಈ ಮರ ಏನೆಂದು ಗೊತ್ತಿದ್ದ ಯಾವನೂ ಇಲ್ಲಿ ಕೈಯಿಟ್ಟು ತನ್ನ ಹೆಸರು ಹೇಳುತ್ತಿರಲಿಲ್ಲ. ಏನೂ ಗೊತ್ತಿಲ್ಲದವನು ಮಾತ್ರ ಹೇಳುತ್ತಾನೆ.

"ಬೇಡ!"

"...ಸುದಿರ್ತ, ನನಗೇನೂ ಗೊತ್ತಿಲ್ಲ. ಆಣೆ."

ಹಕ್ಕಿಗಳು ಸುಮ್ಮನಾದವು. ಅವನ ಬೆರಳ ಸಂದುಗಳಲ್ಲಿ ಹಾಲು ಒಸರಿತು. ಬೆಳ್ಳಗೆ. ಆವಿಯಾಡುತ್ತ. ಲಾಸ್ಮಿಯ ಮೈಯಿಂದ ಏನೋ ಕಳಚಿತು. ತಲೆಯಿಂದ, ಭುಜದಿಂದ, ಹೊಟ್ಟೆಯಿಂದ. ತಂಪು. ಎಂಥ ತಂಪು! ಹಸಿವಾಯಿತು. ಅವಳ ಮೈ ಅವಳನ್ನು ಕೇಳದೆ ಹಿಗ್ಗಿತು.

ಅವನು ನಡುಗುತ್ತಿದ್ದ. ಮೊಣಕಾಲು ಕುಸಿಯಿತು. "ಚಳಿ," ಅಂದ ಆಶ್ಚರ್ಯದಿಂದ. "ಲಾಸ್ಮಿ, ಯಾಕೋ ಚಳಿ."

ರೆಂಪಿನಿ ಓಡಿ ಬಂದಳು. ಕೆಳಗೆ ಜಾರಿದ ಚೌಕಳಿ ಬಟ್ಟೆ ನೋಡಿದಳು. ಮಗನ ಕೈ ನೋಡಿದಳು. ಅವಳ ಬಾಯಿಂದ ಹೊರಟದ್ದು ಮನುಷ್ಯರ ಕೂಗಾಗಿರಲಿಲ್ಲ.

"ಅವನಿಗೇನು ಗೊತ್ತು ಕಣೇ! ಅವನಿಗೆ ಲಾರಿ ಬಿಟ್ರೆ ಇನ್ನೇನು ಗೊತ್ತು! ನಿನ್ನನ್ನ ಇಷ್ಟಪಟ್ಟು ತಂದಿದ್ನಲ್ಲೇ, ಪಾಪಿ!" ತನ್ನ ನರೆಗೂದಲನ್ನು ಹಿಡಿಹಿಡಿಯಾಗಿ ಕಿತ್ತು ತೊಗಟೆಯೊಳಗೆ ತುರುಕಿದಳು. ಬೊಡ್ಡೆಗೆ ಹಣೆ ಜಜ್ಜಿಕೊಂಡಳು. "ರೆಂಪಿನಿ! ನಾನು ರೆಂಪಿನಿ! ನನ್ನ ತಗೋ! ನಿನ್ನನ್ನ ಸಾಕಿದ್ದು ನಾನು!"

ತೊಗಟೆಯಿಂದ ಒಂದು ಹನಿ ಹಾಲೂ ಒಸರಲಿಲ್ಲ. ಮಾಟ ಮಾಡಿದವಳ ಹೆಸರನ್ನು ಅದು ಮುಟ್ಟಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಬಾಟಲಿ ಏರಿಸಿದರು, ಮನೆಗೆ ಕರೆದುಕೊಂಡು ಹೋಗಿ ಅಂದರು. ರೆಂಪಿನಿ ಹೆಬ್ಬಾಗಿಲು ಹಾಕಿ, ಬಂದ ರೋಗಿಗಳನ್ನೆಲ್ಲ ಬೈದು ಕಳಿಸಿದಳು. ಅದರಿಂದ ಏನೂ ಆಗಲಿಲ್ಲ. ಮರದೊಳಗೆ ಹಳೆಯ ರೋಗಗಳು ಬೇಕಾದಷ್ಟಿದ್ದವು. ಒಂದೊಂದಾಗಿ ಇಳಿಯುತ್ತಿದ್ದವು. ಲಾಸ್ಮಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಕತ್ತಿಯ ವಿಷಯವನ್ನೂ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಒಂದು ಮಾತು ಕೇಳಿದ್ರೆ ಸಾಕಾಗ್ತಿತ್ತಲ್ಲೇ," ಅಂದ. "ಆಣೆ ಇಲ್ದೇನೇ ಹೇಳ್ತಿದ್ದೆ."

ಆಮೇಲೆ ಮಾತಾಡಲಿಲ್ಲ. ಆಡಲು ಆಗುತ್ತಿರಲಿಲ್ಲವೋ, ಬೇಡವೆನಿಸಿತೋ.

ಅಂಗಳದಲ್ಲಿ ರೆಂಪಿನಿ ಅವಳ ಕಾಲು ಹಿಡಿದುಕೊಂಡಳು. "ನಿನ್ನ ಹೆಸರು ಅದು ಒಂದ್ಸಲ ಒಪ್ಪಿತ್ತು. ಇನ್ನೊಂದ್ಸಲ ಒಪ್ಪುತ್ತೆ. ಹೇಳು ತಾಯೀ. ನೀನು ಹೇಳಿದ್ರೆ ಅವನು ಏಳ್ತಾನೆ." ಲಾಸ್ಮಿ ಕಾಲು ಬಿಡಿಸಿಕೊಂಡಳು. ಅವಳಿಗಾಗಿ ಅಲ್ಲ, ಅವನಿಗಾಗಿ, ಎಂದುಕೊಂಡು ಹಿತ್ತಿಲಿಗೆ ನಡೆದಳು.

ಬೆಳಗಿನ ಹೊತ್ತು. ಮಂಜು ಏಳುತ್ತಿತ್ತು. ಅವನ ಕೂದಲನ್ನು ತೆಗೆದು ತನ್ನದನ್ನು ಇಟ್ಟಳು. ಅಂಗೈಯನ್ನು ಬೊಡ್ಡೆಯ ಮೇಲಿಟ್ಟಳು. ಹಕ್ಕಿಗಳು ಸುಮ್ಮನಾದವು. ಮರ ಕಾಯಿತು. ಮನೆಯೊಳಗಿಂದ ಅವನ ನರಳಾಟ ಕೇಳುತ್ತಿತ್ತು. ಅವಳು ಬಾಯಿ ತೆರೆದಳು.

ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಆ ನಡುಕ ನೆನಪಾಯಿತು. ಆ ಕುರು. ಚಾಪೆಯ ಮೇಲೆ ಮೂಳೆಯಾಗಿ ಬಿದ್ದಿದ್ದ ತನ್ನ ಮೈ. ಈಗ ಹೊಟ್ಟೆಯಲ್ಲಿ ಹಸಿವಿತ್ತು, ಒಳ್ಳೆಯ ಹಸಿವು.

ಬಿಸಿಲು ಬಂತು. ಅವಳು ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದಳು. ಒಳಗಿನ ನರಳಾಟ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತಿತು.

ಗಂಟಲು ಕಟ್ಟಿತ್ತು, ದನಿ ಬರಲಿಲ್ಲ ಎಂದು ಆಮೇಲೆ ಅವಳು ಊರಿಗೆಲ್ಲ ಹೇಳಿದಳು. ಗಂಟಲಿಗೆ ಏನೂ ಆಗಿರಲಿಲ್ಲ.